ಸ್ವೀಡನ್ನಿನೊಳಗ ಹಿಂಗಿಲ್ರಿ

ಈ ಮನುಷ್ಯನನ್ನು ಸರಿಯಾಗಿ ತಿಳಿದುಕೊಳ್ಳುವುದಕ್ಕೆ ನನಗೆ ಬಿದ್ದ ಖರ್ಚು ಒಂದು ವರ್ಷ. ಪೂರ್ತಿ ಹನ್ನೆರಡು ತಿಂಗಳು, ಒಂದು ದಿನದ ಡಿಸ್ಕೌಂಟೂ ಸಿಗಲಿಲ್ಲ. ಅದರ ಮೇಲೆ, ಫ್ರೀವೇ ಪಕ್ಕದಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಕಸ ಹೆಕ್ಕಿದ ಭಾನುವಾರಗಳು, ಸಿಟ್ಟು ಇಳಿಸುವ ಕ್ಲಾಸಿನಲ್ಲಿ ನನ್ನ ಅರ್ಧ ವಯಸ್ಸಿನವರ ಜೊತೆ ಕಣ್ಣು ಮುಚ್ಚಿ ಉಸಿರು ಎಳೆದುಬಿಟ್ಟ ಸಂಜೆಗಳು. ಇಷ್ಟೆಲ್ಲ ಯಾಕೆ ಬಿತ್ತು ಅಂದರೆ, ಲಾಸ್ ಏಂಜಲೀಸ್ ಪಕ್ಕದ ಕಲ್ವರ್ ಸಿಟಿಯಲ್ಲಿ, ತಪ್ಪು ಜಾಗದ ಗಾಡಿ ಎಳೆದೊಯ್ಯುವ ಒಬ್ಬ ಟೋ ಟ್ರಕ್ಕಿನವನ ಹತ್ತಿರ ಚೌಕಾಸಿ ಮಾಡಿದ್ದಕ್ಕೆ.

ನಡೆದದ್ದು 2022ರಲ್ಲಿ. ಒಂದು ಸ್ಟುಡಿಯೋದ ಹಿಂದಿನ ರಸ್ತೆಯಲ್ಲಿ, ನಿಲ್ಲಿಸಬಾರದ ಕಡೆ ಗಾಡಿ ನಿಲ್ಲಿಸಿ ಕಾಫಿ ಕುಡಿದು ಬರುವಷ್ಟರಲ್ಲಿ ಟ್ರಕ್ಕಿನವನು ಮುಂದಿನ ಎರಡು ಚಕ್ರ ಎತ್ತಿಬಿಟ್ಟಿದ್ದ. ನಾನು ಒಳಗೆ ಹತ್ತಿ ಕೂತು, ಬಾಗಿಲು ಲಾಕ್ ಮಾಡಿ, ಕಿಟಕಿ ನಾಲ್ಕು ಬೆರಳು ಇಳಿಸಿ ವ್ಯಾಪಾರ ಶುರು ಮಾಡಿದೆ. ಅವನು ಜಗ್ಗಲಿಲ್ಲ. ನಾನು ರಿವರ್ಸ್ ಹಾಕಿದೆ. ಗಾಡಿ ಕೊಕ್ಕೆಯಿಂದ ಜಾರಿ ಅವನ ಪಾದದ ಮೇಲೆ ಇಳಿಯಿತು. ಎರಡು ಬೆರಳು ಮುರಿದವು. ತಪ್ಪು ನನ್ನದು, ಅದರಲ್ಲಿ ಚೌಕಾಸಿ ಇಲ್ಲ.

ಕೋರ್ಟು ನನ್ನನ್ನು ಜೈಲಿಗೆ ಹಾಕಲಿಲ್ಲ, ಒಂದು ವರ್ಷ ಪ್ರೊಬೇಷನ್ ಕೊಟ್ಟಿತು. ಅಂದರೆ ಜೈಲಿನ ಬಾಗಿಲು ತೆಗೆದಿಟ್ಟುಕೊಂಡು “ಹೊರಗಿರು, ನೋಡ್ತಿರ್ತೀವಿ” ಅನ್ನುವ ಶಿಕ್ಷೆ. ತಿಂಗಳಿಗೊಮ್ಮೆ ಆಫೀಸರ್ ಮುಂದೆ ಹಾಜರಿ. ಕೌಂಟಿ, ಅಂದರೆ ಜಿಲ್ಲೆ, ದಾಟಬೇಕಾದರೆ ಅನುಮತಿ ಚೀಟಿ. ಷರತ್ತು ಮುರಿದರೆ ಒಳಗೆ. ಒಳಗೆ ಹೋದರೆ ನನ್ನ ಡೀಲರ್ ಲೈಸೆನ್ಸ್ ಹೋಗುತ್ತದೆ, ಲೈಸೆನ್ಸ್ ಹೋದರೆ ರೆಡೊಂಡೊ ಬೀಚಿನ ಹತ್ತಿರ ಹದಿನೆಂಟು ವರ್ಷದಿಂದ ನಡೆಸಿಕೊಂಡು ಬಂದ ಹಳೆ ಕಾರು ಮಾರುವ ಲಾಟು ಹೋಗುತ್ತದೆ.

ನಮ್ಮ ಜನರಲ್ಲಿ ಸುದ್ದಿ ಹಬ್ಬುವುದಕ್ಕೆ ಎಷ್ಟು ಹೊತ್ತು? ನನ್ನಿಂದ ಮೊದಲ ಕಾರು ಕೊಂಡ ಇಂಜಿನಿಯರುಗಳು, ಮಕ್ಕಳಿಗೂ ನನ್ನಿಂದಲೇ ಕೊಡಿಸಿದವರು, ಇಂಡಿಯನ್ ಅಂಗಡಿಯಲ್ಲಿ ನನ್ನನ್ನು ಕಂಡು ಬೇಳೆ ಪ್ಯಾಕೆಟ್ಟಿನ ಹಿಂದಿನ ಸಣ್ಣಕ್ಷರ ಓದಲು ಶುರು ಮಾಡಿದರು. ಮೂರು ವಾರ ಒಂದು ಫೋನಿಲ್ಲ. ಆಮೇಲೆ ಒಂದು ಬಂತು.

“ಅಭಿನಂದನೆಗಳ್ರೀ! ನಿಮಗ ಪ್ರೊಬೇಷನ್ ಆತಂತಲ್ಲ!”

ಈ ಪ್ರಪಂಚದಲ್ಲಿ ಇಂಥ ವಿಷಯಕ್ಕೆ ಅಭಿನಂದನೆ ಹೇಳುವವರು ಒಬ್ಬರೇ. ಎಲ್ಲರೂ ಅವರನ್ನು ಯುರೋಪ್ ಅಂಕಲ್ ಅನ್ನುತ್ತಿದ್ದರು. ಧಾರವಾಡದ ಕಡೆಯವರು, ಸ್ಯಾನ್ ಡಿಯೆಗೋ ಪಕ್ಕದ ಲಾ ಹೋಯಾದಲ್ಲಿ ಪ್ರೊಫೆಸರ್; ಮಗಳು ಬೇರೆ ಊರಿನಲ್ಲಿ, ಇವರು ಒಂಟಿಯಾಗಿದ್ದರು. ಗುಡ್ಡದ ಮೇಲಿನ ಅವರ ಆಫೀಸಿನ ಕಿಟಕಿಯಿಂದ ಪೂರ್ತಿ ಸಮುದ್ರ ಕಾಣುತ್ತಿತ್ತು. ಓದುವುದಕ್ಕೆ ಅಡ್ಡಿಯಾಗುತ್ತದೆ ಅಂತ ಪರದೆ ಎಳೆದೇ ಇಡುತ್ತಿದ್ದರು. ಅಂಥ ಕಿಟಕಿಗೆ ಆ ಊರಿನಲ್ಲಿ ಏನು ರೇಟಿದೆ ಅಂತ ಗೊತ್ತಿದ್ದ ನನಗೆ ಅದನ್ನು ನೋಡಿ ಹೊಟ್ಟೆ ಉರಿದಿತ್ತು. ಓದುತ್ತಿದ್ದದ್ದು ಏನು ಅಂದರೆ, ಯುರೋಪಿನ ಯಾವ ಯಾವ ದೇಶದಲ್ಲಿ ಪ್ರೊಬೇಷನ್ ಹೇಗೆ ನಡೆಯುತ್ತದೆ ಅನ್ನುವುದು. ಮೂವತ್ತು ವರ್ಷ ಅದೊಂದೇ.

ನನಗೆ ಅವರು ಸಿಕ್ಕಿದ್ದು 2020ರಲ್ಲಿ, ಗಿರಾಕಿಯಾಗಿ. ಎಲ್ಲರ ಮುಖಕ್ಕೂ ಮಾಸ್ಕ್ ಇದ್ದ ಕಾಲ. ಸ್ವೀಡನ್ನಿನ ಒಂದು ಹಳೇ ಡಬ್ಬಾ ಗಾಡಿ ನನ್ನ ಲಾಟಿನ ಮೂಲೆಯಲ್ಲಿ ಎಂಟು ತಿಂಗಳಿಂದ ಬಿದ್ದಿತ್ತು. ಅಂಕಲ್ ನೇರ ಅದರ ಹತ್ತಿರ ಹೋಗಿ ನಿಂತರು. ಕನ್ನಡಕ ತೆಗೆದು ಅಂಗಿಯ ಎರಡನೇ ಗುಂಡಿಗೆ ಸಿಕ್ಕಿಸಿದರು. ಅದು ಅವರು ಯೋಚನೆ ಮಾಡುವ ಭಂಗಿ ಅಂತ ಆಮೇಲೆ ತಿಳಿಯಿತು.

“ಇದರ ಹಿಸ್ಟರಿ ಏನ್ರಿ?”

ವಾಹನದ ಹಿಸ್ಟರಿ ರಿಪೋರ್ಟ್ ಕೊಡದೆ ವಿಧಿಯಿಲ್ಲ, ಕೊಟ್ಟೆ. ಓದಿ ಅವರ ಹಣೆ ಗಂಟಾಯಿತು.

“ಒಂದು ಸಲ ಆಕ್ಸಿಡೆಂಟ್ ಆಗೇದಂತ ಇಷ್ಟು ವರ್ಷ ಆದಮ್ಯಾಲೂ ಬರಕೊಂಡು ಅಡ್ಡಾಡಬೇಕೇನ್ರಿ ಇದು? ಆಮ್ಯಾಲೆ ಇದು ಹೆಂಗ ನಡಕೊಂಡದ ಅನ್ನೂದು ಎಲ್ಲಿ ಬರದಾರ?”

“ಬರೆಯೋದಿಲ್ಲ ಅಂಕಲ್, ಈ ದೇಶದಲ್ಲಿ ಹಾಗೇ.”

“ಸ್ವೀಡನ್ನಿನೊಳಗ ಹಿಂಗಿಲ್ರಿ,” ಅಂದು ಚೆಕ್ ಬುಕ್ ತೆಗೆದರು. ಬೋರ್ಡಿನ ಮೇಲೆ ಬರೆದಿದ್ದ ಬೆಲೆಯನ್ನೇ ಬರೆದರು. ಬೋರ್ಡಿನ ಬೆಲೆ ಕೊಡುವುದಕ್ಕಿರುವುದಲ್ಲ, ಮಾತು ಶುರು ಮಾಡುವುದಕ್ಕಿರುವುದು. ನಾನೇ ಬಾಯಿಬಿಟ್ಟು “ಸ್ವಲ್ಪ ಕಮ್ಮಿ ಕೇಳಿ ಅಂಕಲ್” ಅಂದೆ. ಅವರಿಗೆ ಅರ್ಥವಾಗಲಿಲ್ಲ. ರೇಡಿಯೇಟರ್ ವಿಷಯ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮನೆಗೆ ಹೋಗುವ ಅರ್ಧ ದಾರಿಯಲ್ಲಿ, ಸ್ಯಾನ್ ಕ್ಲೆಮೆಂಟೆ ದಾಟುವಾಗ ಅದು ಕುದಿಯಿತಂತೆ. ಬೇರೆಯವರಾಗಿದ್ದರೆ ನನ್ನ ಏಳು ತಲೆಮಾರು ತೆಗೆಯುತ್ತಿದ್ದರು. ಅವರು ಫೋನ್ ಮಾಡಿ, ಮಗು ಶಾಲೆಯಲ್ಲಿ ಬಿದ್ದ ಸುದ್ದಿ ಹೇಳುವ ದನಿಯಲ್ಲಿ, “ಸ್ವಲ್ಪ ಬಿಸಿಯಾತ್ರಿ. ಪರವಾಗಿಲ್ಲ, ಅದಕ್ಕ ಆಧಾರ ಬೇಕು ಅಷ್ಟ” ಅಂದರು. ಆಮೇಲೆ ಆ ಗಾಡಿಗೆ ಹಾಕಿದ ನೀರಿನಲ್ಲಿ ಒಂದು ತೋಟ ಬೆಳೆಯಬಹುದಿತ್ತು.

ನಮ್ಮ ಯುಗಾದಿ ಊಟದಲ್ಲಿ ಅವರ ಪಕ್ಕ ಕೂರುವುದು ಹೊಸಬರ ಪಾಲಿಗೆ ಬರುತ್ತಿದ್ದ ಕಂಟಕ. ಯಾರೋ ಟೆಲಿಕಾಂ ಹುಡುಗಿ ಮರ್ಯಾದೆಗೆ “ನಿಮ್ಮ ಕೆಲಸ ಏನು ಅಂಕಲ್?” ಅಂದರೆ ಮುಗಿಯಿತು, ಅವಳ ತಟ್ಟೆ ಯುರೋಪ್ ಆಗುತ್ತಿತ್ತು. “ಈ ಪಲ್ಯ ಹಾಲೆಂಡ್ ಅನ್ರಿ. ಇಲ್ಲಿ ಸರಕಾರ ರೊಕ್ಕ ಕೊಡ್ತದ, ಕೆಲಸ ಮಾಡೋರು ಬ್ಯಾರೆ ಸಂಸ್ಥೆಗಳು. ಈ ಕೋಸಂಬರಿ ಸ್ಕಾಟ್ಲೆಂಡ್, ಇಲ್ಲಿ ಪ್ರೊಬೇಷನ್ ಅಂತ ಬ್ಯಾರೆ ಇಲಾಖೆನ ಇಲ್ಲ, ಊರಿನ ಸಮಾಜ ಸೇವಾ ಆಫೀಸಿನವರ ನೋಡ್ತಾರ. ಆಸ್ಟ್ರಿಯಾದೊಳಗ ಒಂದು ಸಂಘ, ಅದರಾಗ ಸ್ವಯಂಸೇವಕರು. ಸ್ವೀಡನ್ನಿನೊಳಗ ಮಾತ್ರ ನೋಡ್ರಿ, ನಿಮ್ಮಂಥಾ ಸಾದಾ ಮನಿಶ್ಯಾನ್ನ ಕರದು, ಇವನ ಮ್ಯಾಲೆ ಒಂದಿಷ್ಟು ಕಣ್ಣಿಡಪಾ ಅಂತಾರ. ಅಂವ ವಾರಕ್ಕೊಮ್ಮೆ ಹೋಗಿ ಕಾಫಿ ಕುಡದು ಬರ್ತಾನ.”

“ಮತ್ತೆ ಇಂಗ್ಲೆಂಡು?” ಅಂತ ದೂರದಿಂದ ಯಾರೋ ಕೀಟಲೆ.

“ಇಂಗ್ಲೆಂಡಿನವರು ಅರ್ಧ ಕೆಲಸ ಖಾಸಗಿ ಕಂಪನಿಗೆ ಕೊಟ್ರು. ಕೆಡ್ತು. ವಾಪಸ್ ತಗೊಂಡ್ರು. ನಿಮ್ಮ ಸಾಫ್ಟ್‌ವೇರಿನವರು ಮಾಡ್ತೀರಲ್ಲ, ಹಂಗ.” ಅಷ್ಟರಲ್ಲಿ ಹೋಳಿಗೆ ಖಾಲಿಯಾಗಿರುತ್ತಿತ್ತು. ಯುರೋಪ್ ಮುಗಿದಾಗ ಹುಡುಗಿಯ ತಟ್ಟೆಯಲ್ಲಿ ಬೇವು ಮಾತ್ರ ಉಳಿದಿರುತ್ತಿತ್ತು.

ಇಂಥವರಿಗೆ ನಾನು ಪ್ರೊಬೇಷನ್ನಿಗೆ ಬಿದ್ದದ್ದು ಎಂಥ ಹಬ್ಬ, ನೀವೇ ಲೆಕ್ಕ ಹಾಕಿ. ಮುಂದಿನ ಶನಿವಾರವೇ ನೋಟ್‌ಬುಕ್ ಹಿಡಿದು ಟ್ರೈನು ಹತ್ತಿ ಬಂದರು. ಆ ಗಾಡಿ ತರಲಿಲ್ಲ, “ಅದಕ್ಕ ವಿಶ್ರಾಂತಿ” ಅಂದರು. ನಮ್ಮ ಮನೆಯ ಸೋಫಾದಲ್ಲಿ ಕೂತು ಕೇಳಿದ ಮೊದಲ ಪ್ರಶ್ನೆ: “ನಿಮಗ ಹೆಂಗನಸ್ತದ?”

ನನ್ನ ಹೆಂಡತಿ ಅಡುಗೆಮನೆಯಿಂದ, “ಅವರಿಗೆ ಅಷ್ಟು ಖುಷಿಯಾಗೋದಾದರೆ ಇನ್ನೊಂದು ಕಾಲೂ ತುಳಿದು ಬನ್ರೀ” ಅಂದಳು.

ನಾನು ಬಿಟ್ಟಿ ಏನೂ ಕೊಡುವವನಲ್ಲ. ವ್ಯಾಪಾರ ಕುದುರಿಸಿದೆ: ಅವರು ಕೇಳಿದ್ದಕ್ಕೆಲ್ಲ ನಾನು ಉತ್ತರ ಕೊಡಬೇಕು, ಬದಲಿಗೆ ಈ ಹನ್ನೆರಡು ತಿಂಗಳು ಪಾಸಾಗುವ ದಾರಿ ಅವರು ಹೇಳಬೇಕು. ಮೂವತ್ತು ವರ್ಷದ ವಿದ್ಯೆ ಪುಕ್ಕಟೆ ಸಿಕ್ಕಿತು ಅಂದುಕೊಂಡೆ.

ನಾನು ಕೇಳಬೇಕಾಗಿದ್ದ ಒಂದು ಪ್ರಶ್ನೆ ಇತ್ತು, ಕೇಳಲಿಲ್ಲ: ಇಲ್ಲಿಯವರೆಗೆ ಪ್ರೊಬೇಷನ್ನಿನಲ್ಲಿರುವ ಎಷ್ಟು ಜನರನ್ನು ನೋಡಿದ್ದೀರಿ? ಉತ್ತರ ಸೊನ್ನೆ. ಅವರು ಸಾವಿರ ಪುಟ ಬರೆದಿದ್ದರು, ದೇಶದೇಶದ ಮಂತ್ರಿಗಳ ಜೊತೆ ಮಾತಾಡಿದ್ದರು. ಕಾಲು ತುಳಿದು ಸಿಕ್ಕಿಬಿದ್ದ ಮನುಷ್ಯ ಅವರಿಗೆ ಸಿಕ್ಕಿದ್ದು ನಾನೇ ಮೊದಲು.

ಮೊದಲ ಬುದ್ಧಿವಾದವನ್ನು ಲಾ ಹೋಯಾದ ಆಫೀಸಿನಲ್ಲಿ ಕೊಡುತ್ತೇನೆ, ಬನ್ನಿ ಅಂದರು. ನಾನು ಆಫೀಸರ್ ಹತ್ತಿರ ಚೀಟಿ ತೆಗೆದುಕೊಂಡು ಹೋದೆ. ಚೀಟಿ ನೋಡಿ ಅವರಿಗೆ ರೇಗಿತು. “ಜರ್ಮನಿಯವನ ಪ್ರೊಬೇಷನ್ ಇಟಲಿಗೆ ವರ್ಗ ಮಾಡ್ಲಿಕ್ಕೆ ಬರ್ತದ. ನಿಮಗ ಲಾಸ್ ಏಂಜಲೀಸ್ ಬಿಟ್ಟು ಸ್ಯಾನ್ ಡಿಯೆಗೋಕ್ಕ ಬರ್ಲಿಕ್ಕೆ ಚೀಟಿ!” ಆಮೇಲೆ ಕನ್ನಡಕ ಗುಂಡಿಗೆ ಸಿಕ್ಕಿಸಿ, ದನಿ ತಗ್ಗಿಸಿ, ಸಿದ್ಧಾಂತ ಹೇಳಿದರು. “ಎಲ್ಲಾ ದೇಶದ ಸಾರ ಒಂದ ಮಾತಿನ್ಯಾಗ ಹೇಳ್ತೀನಿ. ಸಂಬಂಧ. ಆಫೀಸರ್‌ಗೂ ನಿಮಗೂ ನಡುವ ಸಂಬಂಧ ಬೆಳೀಬೇಕು. ಕಾಗದ ಅಲ್ಲ, ನಿಯಮ ಅಲ್ಲ. ಸಂಬಂಧ.”

ನಾನು ದಾವಣಗೆರೆಯವನು. ಸಂಬಂಧ ಬೆಳೆಸುವುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ದೀಪಾವಳಿ ಬಂತು. ತಿಂಗಳ ಹಾಜರಿ ಅದೇ ವಾರ ಬಿತ್ತು. ಒಂದು ಬೆತ್ತದ ಬುಟ್ಟಿ ತಗೊಂಡೆ. ಎರಡು ಕಿಲೋ ಪೇಡಾ, ಐದು ಬಗೆ ಹಣ್ಣು, ಜರಿ ಅಂಚಿನ ಒಂದು ಶಾಲು, ಮೇಲೆ ಅರಿಶಿನ ಹಚ್ಚಿದ ತೆಂಗಿನಕಾಯಿ. ವ್ಯಾಪಾರಿಯ ಕೈ ಸುಮ್ಮನಿರುವುದಿಲ್ಲ, ಬುಟ್ಟಿಯ ಬದಿಗೆ ನನ್ನ ಲಾಟಿನ ಕಾರ್ಡೂ ಸಿಕ್ಕಿಸಿದೆ. ಅದರ ಹಿಂದೆ ಅಚ್ಚಾಗಿಯೇ ಇರುತ್ತದೆ: ಮೊದಲ ಆಯಿಲ್ ಚೇಂಜ್ ಉಚಿತ.

ಆಫೀಸರ್ ಗಟ್ಟಿ ಹೆಣ್ಣುಮಗಳು, ಮಿತ ಮಾತು. ನಾನು ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಶಾಲು ಬಿಚ್ಚಿ ಹೊದಿಸುವುದಕ್ಕೆ ಎರಡು ಹೆಜ್ಜೆ ಮುಂದೆ ಹೋದೆ. ಹೊಡೆದಾಟದ ಕೇಸಿನವನು ಬಟ್ಟೆ ಹಿಡಿದು ತನ್ನ ಕುತ್ತಿಗೆಯ ಕಡೆ ಬಂದರೆ ಯಾರು ಏನು ಮಾಡುತ್ತಾರೋ ಅದನ್ನೇ ಆಕೆ ಮಾಡಿದಳು. ಬಾಗಿಲಲ್ಲಿ ಇಬ್ಬರು ಗಾರ್ಡುಗಳು. ತೆಂಗಿನಕಾಯಿಯನ್ನು ಕೈಗವಸು ಹಾಕಿಕೊಂಡು ಎತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನಂಬರ್ ಅಂಟಿಸಿದರು. ಆಯಿಲ್ ಚೇಂಜಿನ ಕಾರ್ಡಿಗೆ ಬೇರೆ ಚೀಲ, ಬೇರೆ ನಂಬರ್.

ಆಫೀಸರ್ ವರದಿ ಬರೆದಳು: ಸರಕಾರಿ ಅಧಿಕಾರಿಗೆ ಆಮಿಷ ಒಡ್ಡಿದ್ದಾನೆ, ಷರತ್ತು ಮುರಿದಿದ್ದಾನೆ, ಕೋರ್ಟಿಗೆ ಬರಲಿ. ನನ್ನ ವಕೀಲ ಮುಖ ಒರೆಸಿಕೊಂಡು, “ಮೂವತ್ತು ದಿನ ಒಳಗೆ ಹಾಕಬಹುದು” ಅಂದ. ಮೂವತ್ತು ದಿನ ದೊಡ್ಡದಲ್ಲ, ಲೈಸೆನ್ಸ್ ದೊಡ್ಡದು. ಅವತ್ತು ಸಂಜೆ ಲಾಟಿನ ದೀಪಗಳನ್ನು ಒಂದೊಂದಾಗಿ ಆರಿಸುತ್ತಾ, ಸಾಲಾಗಿ ನಿಂತ ಗಾಡಿಗಳ ಬಾನೆಟ್ ಸವರಿಕೊಂಡು ಹೋದೆ. ಹೆಂಡತಿ ಆಫೀಸಿನ ಬಾಗಿಲು ಹಾಕಿ ಬಂದು, ಕೊನೆಯ ಎರಡು ದೀಪ ತಾನೇ ಆರಿಸಿದಳು.

ಅಂಕಲ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ಶಾಲು ಹೊದಿಸ್ಲಿಕ್ಕೆ ಹೋದ್ರಿ?”

“ಹೂಂ.”

“ತೆಂಗಿನಕಾಯಿ ಸಹಿತ?”

“ನೀವೇ ಹೇಳಿದ್ರಲ್ಲ ಅಂಕಲ್, ಸಂಬಂಧ ಬೆಳೀಬೇಕು ಅಂತ.”

“ಹೌದ್ರಿ, ನಾನ ಹೇಳಿದೆ,” ಅಂದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ಅವತ್ತೇ ಮೊದಲು ಕೇಳಿದ್ದು. “ನಾ ಬರ್ತೀನಿ ಕೋರ್ಟಿಗೆ.”

ವಕೀಲ ಬೇಡವೇ ಬೇಡ ಅಂದ. ಬಂದೇ ಬಂದರು. ಕಂಕುಳಲ್ಲಿ ಇಟ್ಟಿಗೆ ಗಾತ್ರದ ಒಂದು ಫೈಲು, ದೇಶಕ್ಕೊಂದು ಬಣ್ಣದ ಚೀಟಿ ಅಂಟಿಸಿದ್ದು. ಕೋರ್ಟಿನ ಮುಂದಿನ ರಸ್ತೆಯಲ್ಲಿ ಒಂದು ಗಾಡಿಯೂ ಇರಲಿಲ್ಲ, ಆದರೂ ನಡೆಯುವವರ ಸಿಗ್ನಲ್ ಬರುವವರೆಗೆ ಕದಲಲಿಲ್ಲ. ನನ್ನ ಬದುಕು ಒಳಗೆ ಕರೆಯುತ್ತಿತ್ತು, ಈ ಮನುಷ್ಯ ಹಸಿರು ದೀಪ ಕಾಯುತ್ತಿದ್ದರು.

ಆಫೀಸರ್ ಹೇಳಿಕೆ ಮುಗಿಯಿತು. ಚೀಲದಲ್ಲಿದ್ದ ತೆಂಗಿನಕಾಯಿಯನ್ನು ನ್ಯಾಯಾಧೀಶರು ಎತ್ತಿ ಒಮ್ಮೆ ಅಲ್ಲಾಡಿಸಿ ನೋಡಿದರು. ವಕೀಲ ಅರೆಮನಸ್ಸಿನಿಂದ, ಇವರೊಬ್ಬರು ಮಾತಾಡಬೇಕಂತೆ ಅಂದ. “ಎರಡು ನಿಮಿಷ,” ಅಂದರು ನ್ಯಾಯಾಧೀಶರು.

ಯುರೋಪಿನ ಅಷ್ಟೂ ದೇಶಗಳಿಗೆ ಎರಡು ನಿಮಿಷ! ನಾನು ಕಣ್ಣು ಮುಚ್ಚಿ, ಸಿಟ್ಟಿನ ಕ್ಲಾಸಿನಲ್ಲಿ ಕಲಿತ ಹಾಗೆ ಉಸಿರು ಎಳೆದೆ. ಅಂಕಲ್ ಫೈಲು ತೆರೆದರು. ನನ್ನ ಕಡೆ ಒಂದು ಸಲ ನೋಡಿದರು. ಫೈಲು ಮುಚ್ಚಿದರು. ಕನ್ನಡಕ ತೆಗೆದು ಎರಡನೇ ಗುಂಡಿಗೆ ಸಿಕ್ಕಿಸಿದರು. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ, ನನ್ನ ಕಿವಿಗೆ ಮಾತ್ರ ಧಾರವಾಡದ ಕನ್ನಡವೇ ಕೇಳಿತು.

“ಸ್ವಾಮಿ, ಇವರಿಗೆ ಆಫೀಸರ್ ಜೊತಿ ಸಂಬಂಧ ಬೆಳಸ್ರಿ ಅಂತ ಹೇಳಿದಾಂವ ನಾನು. ನಮ್ಮ ಕಡೆ ಮನ್ನಣೆ ಮಾಡೂದಂದ್ರ ಹಣ್ಣು, ಕಾಯಿ, ಶಾಲು. ಇವರು ನನ್ನ ಮಾತು ಅಕ್ಷರಶಃ ಪಾಲಿಸ್ಯಾರ. ಮೂವತ್ತು ವರ್ಷ ಪ್ರೊಬೇಷನ್ ಬಗ್ಗೆ ಬರದೀನಿ, ಪ್ರೊಬೇಷನ್ನಿನೊಳಗಿದ್ದ ಒಬ್ಬ ಮನಿಶ್ಯಾನ್ನೂ ನೋಡಿರ್ಲಿಲ್ಲ. ತಪ್ಪು ನಂದು. ಸ್ವೀಡನ್ನಿನೊಳಗ ಸಾದಾ ನಾಗರಿಕನ ಕೈಯಾಗೂ ಇಂಥವರನ್ನ ಒಪ್ಪಸ್ತಾರ. ನೀವು ಒಪ್ಪಿದ್ರ, ವಾರಕ್ಕೊಮ್ಮೆ ನಾ ಬಂದು ಇವರನ್ನ ನೋಡ್ತೀನಿ. ತಿಂಗಳಿಗೊಮ್ಮೆ ಬರದು ಕೊಡ್ತೀನಿ.”

ನ್ಯಾಯಾಧೀಶರು ಕೇಳಿದರು: “ಇವರ ಪರಿಚಯ ನಿಮಗೆ ಹೇಗೆ?”

“ನನಗ ಒಂದು ಕೆಟ್ಟ ಕಾರು ಮಾರ್‍ಯಾರ.”

ಕೋರ್ಟು ನಕ್ಕಿತು. ಆ ಆಫೀಸರ್ ಕೂಡ ಕೆಮ್ಮಿನ ಹಾಗೆ ಏನೋ ಮಾಡಿದಳು. ನನ್ನ ವಕೀಲ ತಲೆ ಕೆಳಗೆ ಹಾಕಿದ.

ಜೈಲಿಲ್ಲ. ಪ್ರೊಬೇಷನ್ ಮುಂದುವರಿಯಲಿ, ಯಾವ ಅಧಿಕಾರಿಗೂ ಒಂದು ದ್ರಾಕ್ಷಿಯನ್ನೂ ಕೊಡಕೂಡದು, ಈ ಹಿರಿಯರ ಕಾಗದ ತಿಂಗಳಿಗೊಂದು ಆಫೀಸರ್‌ಗೆ ತಲುಪಲಿ. ನ್ಯಾಯಾಧೀಶರು ಇಷ್ಟು ಹೇಳಿ ತೆಂಗಿನಕಾಯಿ ವಾಪಸ್ ಕೊಟ್ಟರು. ಮನೆಗೆ ಬಂದು ಹೆಂಡತಿ ಅದರಲ್ಲೇ ಚಟ್ನಿ ಮಾಡಿದಳು.

ಬಚಾವಾದೆ ಅಂದುಕೊಂಡರೆ ಅಲ್ಲಿಂದ ಶುರು ನನ್ನ ನಿಜವಾದ ಶಿಕ್ಷೆ. ಪ್ರತಿ ಶನಿವಾರ ಬೆಳಿಗ್ಗೆ ಸ್ಯಾನ್ ಡಿಯೆಗೋದಿಂದ ಟ್ರೈನು, ಅಲ್ಲಿಂದ ಬಸ್ಸು, ನನ್ನ ಲಾಟಿನಲ್ಲಿ ಪ್ಲಾಸ್ಟಿಕ್ ಕುರ್ಚಿ. ಚಹಾ ಕುಡಿಯುತ್ತಾ, ನಾನು ಗಿರಾಕಿಗಳ ಜೊತೆ ಮಾತಾಡುವುದನ್ನು ನೋಡುತ್ತಾ ಕೂರುತ್ತಿದ್ದರು. ಸಾಯಂಕಾಲ ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಮೊದಲನೇ ಸಾಲು ಇಣುಕಿ ಓದಿದೆ: “ಈ ವಾರ ಒಬ್ಬ ಗಿರಾಕಿಗೆ ಬ್ರೇಕಿನ ವಿಷಯ ಹೇಳಲಿಲ್ಲ.”

“ಅಂಕಲ್! ಇದನ್ನ ಆಫೀಸರ್‌ಗೆ ಕಳಿಸ್ತೀರಾ? ಇದು ವ್ಯಾಪಾರ, ಕ್ರೈಮ್ ಅಲ್ಲ!”

“ಕ್ರೈಮ್ ಅಂದೆನೇನ್ರಿ? ಕಂಡದ್ದು ಬರದೆ ಅಷ್ಟ.”

“ಸ್ವಲ್ಪ ಮೆತ್ತಗೆ ಬರೀರಿ. ‘ಗಿರಾಕಿ ಕೇಳಲಿಲ್ಲ’ ಅಂತ ಬರೀರಿ.”

“ನೀವು ಹೇಳ್ರಿ, ನಾ ಬ್ಯಾರೆ ಬರೀತೀನಿ.”

ನಾನು ಇನ್ಶೂರೆನ್ಸ್ ಕಂಪನಿ, ಬ್ಯಾಂಕು, ಹರಾಜಿನವರು ಎಲ್ಲರನ್ನೂ ಮಾತಿನಲ್ಲಿ ಬಗ್ಗಿಸಿದವನು. ಆ ಒಂದು ಸಾಲಿನ ಮೇಲೆ ಅರ್ಧ ಗಂಟೆ ಚೌಕಾಸಿ ಮಾಡಿ ಸೋತೆ. ಕೊನೆಗೆ ಗಿರಾಕಿಗೆ ಫೋನ್ ಮಾಡಿ ಬ್ರೇಕಿನ ವಿಷಯ ಹೇಳಿ, ನನ್ನ ಖರ್ಚಿನಲ್ಲೇ ಹಾಕಿಸಿಕೊಟ್ಟೆ. ಅಂಕಲ್ ಆ ಸಾಲು ಹೊಡೆದು ಹಾಕಲಿಲ್ಲ, ಕೆಳಗೆ ಇನ್ನೊಂದು ಸೇರಿಸಿದರು: “ಆಮೇಲೆ ಹೇಳಿದರು.” ಹಿಸ್ಟರಿ ರಿಪೋರ್ಟಿನಲ್ಲಿ ಇರುವುದಿಲ್ಲ ಅಂತ ಅವರು ಗೊಣಗಿದ್ದು ಇದೇ ಸಾಲು ಇರಬೇಕು ಅಂತ ಆಗ ಅನ್ನಿಸಿತು.

ಒಂದು ಶನಿವಾರ ನಾನು ಮುಖ ಸಣ್ಣ ಮಾಡಿಕೊಂಡಿದ್ದಾಗ ಹೇಳಿದರು: “ಈ ಪ್ರೊಬೇಷನ್ ಶುರು ಮಾಡಿದಾಂವ ಪ್ರೊಫೆಸರ್ ಅಲ್ರಿ, ಯುರೋಪಿನವನೂ ಅಲ್ಲ. ಬಾಸ್ಟನ್ನಿನೊಳಗ ಬೂಟು ಹೊಲಿಯಾಂವ ಒಬ್ಬ. ಕೋರ್ಟಿನ್ಯಾಗ ಕುಡುಕನ್ನ ಬಿಡಿಸ್ಕೊಂಡು ಬಂದು, ಮೂರು ವಾರ ಆದಮ್ಯಾಲೆ ಹಸನ ಮಾಡಿ ಕರಕೊಂಡು ಹೋದ. ನಿಮ್ಮಂಥಾ ಅಂಗಡಿಯಾಂವ. ನಾವು ಓದಿದವರು ಅದಕ್ಕ ಫೈಲ್ ಮಾಡಿದ್ವಿ.”

ವರ್ಷ ಮುಗಿಯಿತು. ಕಾಗದ ಬಂತು. ಲೈಸೆನ್ಸ್ ಉಳಿಯಿತು. ಅದರ ಮುಂದಿನ ಶನಿವಾರ ನಾನು ಲಾಟಿನ ಗೇಟು ತೆಗೆದರೆ ಅಂಕಲ್ ನಿಂತಿದ್ದಾರೆ.

“ಮುಗೀತಲ್ಲ ಅಂಕಲ್!”

“ನಿಮ್ದು ಮುಗೀತು,” ಅಂದರು. ಕುರ್ಚಿ ಎಳೆದುಕೊಂಡು ಕೂತರು. ನಾನು ಚಹಾ ಇಟ್ಟೆ.

ಹಾಗೆ ಇನ್ನೂ ಎರಡು ವರ್ಷ ಬಂದರು. ಹೋದ ತಿಂಗಳು ಒಂದು ಶನಿವಾರ ಬರಲಿಲ್ಲ. ಲಾ ಹೋಯಾದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಪರದೆಯ ಮೇಲೆ ಆರೇಳು ದೇಶಗಳ ಪಂಡಿತರು ಕಾಣಿಸಿಕೊಂಡು ಅವರ ಪುಸ್ತಕಗಳ ಬಗ್ಗೆ ಮಾತಾಡಿದರು. ಅವರ ಮಗಳು ನನ್ನನ್ನು ಹುಡುಕಿಕೊಂಡು ಬಂದು ಕಾರಿನ ಕೀಲಿ ಕೈಗಿಟ್ಟಳು. ನಾನು ಕನ್ನಡದಲ್ಲಿ, ಬೇಡಮ್ಮ, ದುಡ್ಡು ಕೊಟ್ಟು ತಗೋತೀನಿ ಅಂದೆ. “ಹಿ ಸೆಡ್ ಯು ವುಡ್ ಆರ್ಗ್ಯೂ,” ಅಂದು ನಕ್ಕಳು. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಆ ನೋಟ್‌ಬುಕ್ ಇತ್ತು. ಕೊನೆಯ ಸಾಲು: “ನೋಡಿಕೊಳ್ಳಲು ನನ್ನ ಕೈಗೆ ಬಂದವರು ಸರಿಯಾಗಿದ್ದಾರೆ. ನೋಡಿಕೊಂಡವನ ಬಗ್ಗೆ ಇನ್ನೂ ಹೇಳಲಿಕ್ಕಾಗುವುದಿಲ್ಲ.” ಅವರ ವಿಷಯದಲ್ಲಿ ನಾನು ಅವರಿಗಿಂತ ಉದಾರಿ: ಪಾಸು ಅಂತ ಕೆಳಗೆ ಬರೆದು ಸಹಿ ಹಾಕಿದೆ.

ಈಗ ನಿಮಗೆ ಒಂದೆರಡು ಮಾತು, ನನಗೆ ಬಿದ್ದಷ್ಟು ಖರ್ಚು ನಿಮಗೆ ಬೀಳದಿರಲಿ ಅಂತ. ಟೋ ಟ್ರಕ್ಕಿನವನು ಚಕ್ರ ಎತ್ತಿದ ಮೇಲೆ ಮಾತು ಮುಗಿಯಿತು, ಇಳಿದುಬಿಡಿ. ಅಮೆರಿಕದಲ್ಲಿ ಸರಕಾರಿ ಮೇಜಿನ ಮುಂದೆ ಬರಿಗೈಯಲ್ಲಿ ಹೋಗಿ, ಬರಿಗೈಯೇ ಅಲ್ಲಿ ಮರ್ಯಾದೆ. ಪೇಡಾ ಮನೆಯಲ್ಲೇ ತಿನ್ನಿ. ಪರಿಚಯದವರು ಯಾರಾದರೂ ಕೋರ್ಟು ಹತ್ತಿ ಬಂದರೆ ಬೇಳೆ ಪ್ಯಾಕೆಟ್ಟಿನ ಸಣ್ಣಕ್ಷರ ಓದಬೇಡಿ, ಒಂದು ಕಪ್ ಕಾಫಿಗೆ ಹೋಗಿ ಬನ್ನಿ. ವಿದ್ವಾಂಸರ ಸಲಹೆ ತಗೊಳ್ಳುವ ಮುಂಚೆ, ಇದನ್ನು ಒಬ್ಬ ಮನುಷ್ಯನ ಮೇಲಾದರೂ ಮಾಡಿ ನೋಡಿದ್ದೀರಾ ಅಂತ ಕೇಳಿ. ಆ ಸ್ವೀಡನ್ನಿನ ಗಾಡಿ ಈಗ ನನ್ನ ಲಾಟಿನ ಮುಂದಿನ ಸಾಲಿನಲ್ಲೇ ಇದೆ, ಬೋರ್ಡೂ ಹಾಕಿದ್ದೀನಿ. ಕೊಳ್ಳುವ ಮನಸ್ಸಿದ್ದರೆ ಬನ್ನಿ, ರೇಡಿಯೇಟರ್ ವಿಷಯ ಮೊದಲೇ ಹೇಳುತ್ತೇನೆ. ನೀವು ಮಾತ್ರ ಚೆನ್ನಾಗಿ ಚೌಕಾಸಿ ಮಾಡಿ. ಬೋರ್ಡಿನ ಬೆಲೆ ಕೊಟ್ಟು ಸುಮ್ಮನೆ ಕೀಲಿ ತಗೊಳ್ಳುವ ಗಿರಾಕಿಯನ್ನು ಕಂಡರೆ ನನಗೆ ಈಗಲೂ ಭಯ. ಅಂಥವರು ಅಷ್ಟಕ್ಕೇ ಬಿಡುವುದಿಲ್ಲ, ಶನಿವಾರ ಬರುತ್ತಾರೆ.